ದೂರಿಗೊಂದು ಬೇರೆ ದಾರಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಊರಪಟ್ಟಿಗಳು ಸ್ಕ್ಯಾನ್ ಆಗಿ ಕೂತಿವೆ, ಅವುಗಳಲ್ಲಿರುವ ಹೆಸರನ್ನೆಲ್ಲ ಕಂಪ್ಯೂಟರಿನಿಂದ ಓದಿಸಬೇಕು ಅಂದುಕೊಳ್ಳಿ. ಕನ್ನಡ ಅಚ್ಚು ಓದಬಲ್ಲ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶವಿದೆ. ಸಾವಿರಾರು ಪುಟಗಳಿಗೆ ಅದನ್ನು ಕೈಯಿಂದ ಓಡಿಸುತ್ತ ಕೂರುವವರು ಯಾರು? ಪೈಥಾನಿನಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದರೆ ಆ ಕೆಲಸ ಅದರ ಪಾಲಿಗೆ. ಇಲ್ಲಿ ಸ್ಕ್ರಿಪ್ಟ್ ತಾಯಿ, ಅದು ಕರೆದ ಟೆಸರಾಕ್ಟ್ ಮರಿ.

ಮರಿ ಹುಟ್ಟುವಾಗಲೇ ಅದಕ್ಕೆ ಮೂರು ದಾರಿಗಳಿರುತ್ತವೆ. 0 ಒಳಬರುವುದಕ್ಕೆ, 1 ಫಲಿತಾಂಶಕ್ಕೆ, 2 ದೂರು-ಎಚ್ಚರಿಕೆಗೆ. ಪರದೆಯ ಮೇಲೆ 1 ಮತ್ತು 2 ಒಟ್ಟಿಗೇ ಮೂಡುವುದರಿಂದ ಬೇರೆಬೇರೆ ಎಂದು ಗೊತ್ತೇ ಆಗುವುದಿಲ್ಲ. ಮೊದಲು ಬೇರೆ ಇರಲೂ ಇಲ್ಲ. 1970ರ ದಶಕದಲ್ಲಿ, ಯುನಿಕ್ಸ್ ಬೆಳೆಯುತ್ತಿದ್ದ ಬೆಲ್ ಲ್ಯಾಬ್ಸ್‌ನಲ್ಲಿ ಫೋಟೊ ಅಕ್ಷರಜೋಡಣೆಯ ಯಂತ್ರವಿತ್ತು. ಗಬ್ಬುವಾಸನೆಯ ಇನ್ನೊಂದು ಯಂತ್ರಕ್ಕೆ ಕಾಗದ ಕೊಟ್ಟು, ಕೆಲವು ನಿಮಿಷ ಕಾದು ನೋಡಿದರೆ, ಕಡತ ತೆರೆಯಲಾಗಲಿಲ್ಲ ಎಂಬ ಒಂದೇ ಸಾಲು ಅಂದವಾಗಿ ಅಚ್ಚಾಗಿರುತ್ತಿತ್ತಂತೆ! ಅಲ್ಲಿದ್ದ ಸ್ಟೀಫನ್ ಜಾನ್ಸನ್ ಹೇಳಿದ್ದು. ದೂರಿಗೆ 2ನೆಯ ದಾರಿ ಬಂದದ್ದು ಆ ಪೇಚಾಟದಿಂದ.

ನಮ್ಮ ಪಟ್ಟಿಗೂ ಅದೇ ಗತಿ ಬರಬಹುದು. ಚಿತ್ರದಲ್ಲಿ ಡಿಪಿಐ (ಇಂಚಿಗೆಷ್ಟು ಚುಕ್ಕೆ ಎಂಬ ಅಳತೆ) ನಮೂದಾಗಿರದಿದ್ದರೆ ಟೆಸರಾಕ್ಟ್ ಒಂದು ಎಚ್ಚರಿಕೆಯ ಸಾಲು ಹೊರಡಿಸುತ್ತದೆ. ಎರಡೂ ದಾರಿಗಳನ್ನು ಒಂದೇ ಕಡತಕ್ಕೆ ತಿರುಗಿಸಿದ್ದರೆ ಖಜೂರಿ, ನರೋಣಾಗಳ ಪಕ್ಕದಲ್ಲೇ ಆ ಇಂಗ್ಲಿಷ್ ಸಾಲೂ ಆಳಂದದ ಒಂದು ಊರಾಗಿ ಕೂರುತ್ತದೆ. ಹಾಗೆಂದು ದೂರನ್ನು ಕಸಕ್ಕೆ ಎಸೆಯುವ ಚಾಳಿ ಇನ್ನೂ ಕೆಟ್ಟದ್ದು.

ಎರಡನ್ನೂ ಬೇರೆಬೇರೆ ಪೈಪಿನಲ್ಲಿ, ಅಂದರೆ ಮರಿ ಬರೆದದ್ದನ್ನು ತಾಯಿಗೆ ಮುಟ್ಟಿಸುವ ಕೊಳವೆಯಲ್ಲಿ, ಹಿಡಿಯಬೇಕು. ಅಲ್ಲೊಂದು ಸಿಕ್ಕು ಇದೆ. ಲಿನಕ್ಸ್‌ನಲ್ಲಿ ಪೈಪಿನ ಒಡಲು ಸಾಮಾನ್ಯವಾಗಿ 65,536 ಬೈಟ್. ತಾಯಿ 1ನ್ನು ಪೂರ್ತಿ ಓದಿ ಮುಗಿಸಿ ಆಮೇಲೆ 2ಕ್ಕೆ ಬರುತ್ತೇನೆಂದು ಕೂತರೆ, ಅಷ್ಟರಲ್ಲಿ 2 ತುಂಬಿ, ಇನ್ನೊಂದು ಸಾಲು ಬರೆಯಲಾಗದೆ ಮರಿ ನಿಂತುಬಿಡುತ್ತದೆ. ಮರಿ ಮುಗಿಸಲಿ ಎಂದು ತಾಯಿ, ತಾಯಿ ಓದಲಿ ಎಂದು ಮರಿ. ದೋಷ ಸಂದೇಶವೂ ಇಲ್ಲ, ಕೆಲಸವೂ ಸಾಗದು. ನಾಲ್ಕು ಪುಟದ ಪರೀಕ್ಷೆಯಲ್ಲಿ ಸರಿಯಿದ್ದ ಸ್ಕ್ರಿಪ್ಟ್, ಇಡೀ ತಾಲ್ಲೂಕಿನ ಪುಟಗಳನ್ನು ಒಂದೇ ಮರಿಗೆ ಕೊಟ್ಟಾಗ ಕಲ್ಲಾಗುವುದು ಹೀಗೆ. ಪೈಥಾನಿನ ಸಬ್‌ಪ್ರೊಸೆಸ್ ಭಾಗದಲ್ಲಿರುವ ‘ಕಮ್ಯುನಿಕೇಟ್’ ಎರಡೂ ಪೈಪುಗಳನ್ನು ಜೊತೆಜೊತೆಗೇ ಬರಿದು ಮಾಡುತ್ತದೆ. ‘ರನ್’ಗೆ 2018ರ 3.7 ಆವೃತ್ತಿಯಿಂದ ‘ಕ್ಯಾಪ್ಚರ್ ಔಟ್‌ಪುಟ್’ ಎಂಬ ಆಯ್ಕೆ ಬಂದ ಮೇಲಂತೂ ಒಂದೇ ಸಾಲಿನ ಮಾತು.

ಸ್ವತಃ ತುಂಡುತುಂಡಾಗಿ ಓದುವವರಿಗೆ ಕನ್ನಡದಲ್ಲಿ ಇನ್ನೊಂದು ತೊಡಕು. ಬರಹವನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ 3 ಬೈಟ್. ‘ಗಾಣಗಾಪುರ’ದಲ್ಲಿ ಕಾಗುಣಿತದ ಗುರುತುಗಳೂ ಸೇರಿ 8 ಸಂಕೇತ, ಅಂದರೆ 24 ಬೈಟ್. 65,536 ಮೂರರಿಂದ ಭಾಗವಾಗುವುದಿಲ್ಲ. ತುಂಡಿನ ತುದಿ ಅಕ್ಷರದ ಹೊಟ್ಟೆಯಲ್ಲೇ ಬೀಳಬಹುದು. ಬೈಟುಗಳನ್ನೆಲ್ಲ ಕೂಡಿಸಿಕೊಂಡು ಕೊನೆಗೆ ಅಕ್ಷರ ಮಾಡುವುದೇ ಕ್ಷೇಮ.

ಮರಿ ಹೋಗುವಾಗ ಒಂದು ಸಂಖ್ಯೆಯನ್ನೂ ಬಿಟ್ಟುಹೋಗುತ್ತದೆ. 0 ಎಂದರೆ ಸುಸೂತ್ರ. ಆದರೆ ಡಿಪಿಐ ಎಚ್ಚರಿಕೆ ಬಂದ ಪುಟಕ್ಕೂ ಬರುವುದು 0ಯೇ. ಪುಟದ ಹೆಸರಿನಲ್ಲೇ ದೂರಿನ ಕಡತವನ್ನೂ ಉಳಿಸಿದ್ದರೆ, ಜೇವರ್ಗಿಯ ಯಾವ ಹಾಳೆಗಳನ್ನು 300 ಡಿಪಿಐಯಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕಾಗಬಹುದೆಂದು ಅದರಿಂದಲೇ ತಿಳಿಯುತ್ತದೆ.