ತಗಡು ಕಾಯುವ ಸತುವು: ಮೈಲುತುತ್ತದ ಎದುರು ಮಾತ್ರ ಸೋಲು!

ಶಿರಸಿ: ಮಳೆಗಾಲ ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆಗಳಲ್ಲಿ ಜಿಂಕ್ ಶೀಟು ಕೇಳುವವರು ಜಾಸ್ತಿ. ಕೊಟ್ಟಿಗೆಗೆ, ಕಟ್ಟಿಗೆ ಮನೆಗೆ, ಅಂಗಡಿ ಮುಂಗಟ್ಟಿಗೆ ಎಲ್ಲಕ್ಕೂ ಅದೇ ಬೇಕು. "ಎಷ್ಟು ವರ್ಷ ಬರ್ತದೆ?" ಎಂಬುದು ಗಿರಾಕಿಯ ಮೊದಲ ಪ್ರಶ್ನೆ. ನೂರು ಇಂಚಿನ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಕೇಳಲೇಬೇಕಾದ್ದು. ಆದರೆ ಬಹಳ ಮಂದಿ ತಗಡಿನ ದಪ್ಪ ನೋಡಿ ಸುಮ್ಮನಾಗ್ತಾರೆ. ನೋಡಬೇಕಾದ್ದು ಅದರ ಮೇಲಿನ ಸತುವು.

ಹೆಸರಿಗೆ ಜಿಂಕ್ ಶೀಟು, ಒಳಗಿರುವುದು ಉಕ್ಕು. ಸುಮಾರು 450 ಡಿಗ್ರಿ ಶಾಖದಲ್ಲಿ ಕರಗಿದ ಸತುವಿನಲ್ಲಿ ಉಕ್ಕಿನ ತಗಡನ್ನು ಅದ್ದಿ ತೆಗೆಯುತ್ತಾರೆ. ಫ್ರಾನ್ಸಿನ ಸೋರೆಲ್ ಎಂಬ ಎಂಜಿನಿಯರ್ 1837ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಬರೀ ಬಣ್ಣ ಬಳಿದ ಕಬ್ಬಿಣ ಗೀರಿದರೆ ಆ ಗೀರಿನಲ್ಲೇ ತುಕ್ಕು ಹೊಕ್ಕುಬಿಡುತ್ತದೆ. ಸತುವು ಹಾಗಲ್ಲ. ನೀರು ತಾಗಿದಾಗ ಕಬ್ಬಿಣಕ್ಕಿಂತ ಮೊದಲು ತಾನೇ ಸವೆಯುವುದು ಅದರ ಗುಣ. ಮೊಳೆಯ ತೂತು, ಕತ್ತರಿಸಿದ ಅಂಚು ಇಂಥ ಸಣ್ಣ ಗಾಯಗಳಲ್ಲಿ ಬರಿದಾದ ಉಕ್ಕನ್ನೂ ಪಕ್ಕದ ಸತುವು ಕಾಯುತ್ತದೆ. ಸತುವು ಮುಗಿದ ದಿನ ಕಾವಲೂ ಮುಗಿಯಿತು.

ಎಷ್ಟು ಸತುವು ಇದೆ ಅನ್ನುವುದಕ್ಕೆ ಲೆಕ್ಕ ಉಂಟು. ಚದರ ಮೀಟರಿಗೆ 120 ಗ್ರಾಂ, 275 ಗ್ರಾಂ, ಹೀಗೆ ಎರಡೂ ಬದಿ ಸೇರಿಸಿ ಹೇಳುತ್ತಾರೆ. 275 ಅಂದರೂ ಒಂದು ಬದಿಗೆ ಮಿಲಿಮೀಟರಿನ ಐವತ್ತರಲ್ಲೊಂದು ಪಾಲು ಅಷ್ಟೇ! 120ರದ್ದು ಅದರ ಅರ್ಧಕ್ಕೂ ಕಡಿಮೆ. ಬೆಲೆ ಕೇಳುವ ಮೊದಲು ಇದನ್ನು ಕೇಳಿದರೆ ಅಂಗಡಿಯವರು ಬೇಸರ ಮಾಡಿಕೊಳ್ಳಲಾರರು.

ಅಂಗಡಿಯವರಿಗೂ ಒಂದು ಮಾತು. ಒದ್ದೆಯಾದ ಶೀಟನ್ನು ಒಂದರ ಮೇಲೊಂದು ಒತ್ತಿಟ್ಟರೆ ಬಿಳಿ ಪುಡಿ ಏಳುತ್ತದೆ. ಅದು ಸುಣ್ಣವಲ್ಲ, ಸತುವೇ ತಿಂದುಹೋದದ್ದು. ಗಾಳಿಯಾಡಿ ಒಣಗಿದರೆ ಸತುವಿನ ಮೇಲೆ ಗಟ್ಟಿ ಬೂದು ಪೊರೆ ಕಟ್ಟಿ ಸವಕಳಿ ನಿಧಾನವಾಗುತ್ತದೆ; ಒತ್ತಿಟ್ಟಲ್ಲಿ ಆ ಪೊರೆ ಕಟ್ಟುವುದೇ ಇಲ್ಲ. ನಡುವೆ ರೀಪು ಕೊಟ್ಟು, ಓರೆಯಾಗಿ ನಿಲ್ಲಿಸಿದರೆ ಸಾಕು. ಮಾಡಿನ ಮೇಲೆ ದರಕು ಬಿದ್ದು ಕೊಳೆತರೂ ಇದೇ ಕಥೆ.

ದೊಡ್ಡ ಅಪಾಯ ಇರುವುದು ಅಡಿಕೆ ತೋಟದವರ ಮನೆಯಲ್ಲಿ. ಕೊಳೆರೋಗದ ಔಷಧಿಗೆ ಮೈಲುತುತ್ತವನ್ನು ಸತುವಿನ ಬಕೀಟಿನಲ್ಲಿ ಕರಗಿಸಿದರೋ, ಮುಗೀತು! ತುತ್ತದಲ್ಲಿರುವುದು ತಾಮ್ರ. ಸತುವು ನೀರಿಗೆ ಇಳಿಯುತ್ತದೆ, ತಾಮ್ರ ಬಕೀಟಿಗೆ ಅಂಟುತ್ತದೆ. ಸತುವು ಹೋದ ಮೇಲೆ ಕಬ್ಬಿಣದ ಸರದಿ. ಬಕೀಟು ಹಾಳಾದರೆ ಹಾಳಾಗಲಿ, ಕೊನೆಗೆ ಬೀಳಬೇಕಾದ ತಾಮ್ರವೂ ಬಕೀಟಿನಲ್ಲೇ ಉಳಿದು ಔಷಧಿಯ ಕಸುವು ಇಳಿಯುತ್ತದೆ. ಮರದ್ದೋ, ಮಣ್ಣಿನದ್ದೋ, ಪ್ಲಾಸ್ಟಿಕ್ಕಿನದ್ದೋ ಪಾತ್ರೆ ಬೇಕು.

ಸುಣ್ಣ ಬೆರೆಸಿದ ಮೇಲೆ ಹೊಳೆಯುವ ಚಾಕು ಅದ್ದಿ ನೋಡುವ ಹಳೆಯ ಪರೀಕ್ಷೆಯ ಗುಟ್ಟೂ ಇದೇ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಅಂತ ಅರ್ಥ. ಕೆಂಪು ಹತ್ತದಿರುವ ತನಕ ಸುಣ್ಣದ ನೀರು ಸೇರಿಸುತ್ತಿರಬೇಕು.