ಸಹಾಯಧನ ಯಾರ ಖಾತೆಗೆ ಸೇರಬೇಕು?

ಹಾಸನ ಜಿಲ್ಲೆಯ ಅರಸೀಕೆರೆ ತೆಂಗು, ರಾಗಿಯ ಬಯಲುಸೀಮೆ. ಪಕ್ಕದ ಬೇಲೂರು ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ಸರಿದಂತೆ ಕಾಫಿ, ಮೆಣಸು. ಹಳೇಬೀಡಿನ ಕಡೆಗೆ ಮುಸುಕಿನ ಜೋಳ, ಆಲೂಗಡ್ಡೆ, ಶುಂಠಿ. ಬೆಳೆ ಬೇರೆಬೇರೆಯಾದರೂ ಸರ್ಕಾರದ ಹಣ ಬರುವ ದಾರಿ ಒಂದೇ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ನೇರ ಬ್ಯಾಂಕ್ ಖಾತೆಗೆ ಹಾಕುತ್ತದೆ. ಬರ ಪರಿಹಾರಕ್ಕೂ ಬೆಂಬಲ ಬೆಲೆಯಲ್ಲಿ ರಾಗಿ, ಕೊಬ್ಬರಿ ಮಾರುವುದಕ್ಕೂ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ಕೊಡುವ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ಆ ಸಂಖ್ಯೆ ನಿಂತಿರುವುದು ಆಧಾರ್ ಮತ್ತು ಪಹಣಿಯ ಮೇಲೆ. ಇದರಿಂದ ಮಧ್ಯವರ್ತಿಗಳ ಕೈ ತಪ್ಪಿದ್ದು ದೊಡ್ಡ ಲಾಭವೇ. ಆದರೆ ಪಹಣಿಯಲ್ಲಿ ಹೆಸರಿಲ್ಲದೆ ಉಳುವವರನ್ನು ಈ ವ್ಯವಸ್ಥೆ ರೈತರೆಂದು ಗುರುತಿಸುವುದೇ ಇಲ್ಲ.

ಒಂದು ಪಹಣಿಯನ್ನು ಕೈಗೆತ್ತಿಕೊಂಡು ನೋಡಿ. 9ನೇ ಕಾಲಂನಲ್ಲಿ ಒಡೆತನದ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರರ ಮತ್ತು ಬೆಳೆಯ ವಿವರ. ವಾರಕ್ಕೋ ಗುತ್ತಿಗೆಗೋ ಉಳುವವರ ಹೆಸರು ಬರಬೇಕಾದ ಈ ಎರಡನೆಯ ಜಾಗದಲ್ಲೂ ಸಾಮಾನ್ಯವಾಗಿ ಒಡೆಯರ ಹೆಸರೇ ಇರುತ್ತದೆ. ಕಾರಣ ಸ್ಪಷ್ಟ: 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ರದ್ದುಮಾಡಿ ಉಳುವವನಿಗೆ ನೆಲ ಕೊಟ್ಟಿತು. ಆ ನ್ಯಾಯದ ಕಾನೂನಿನ ನಂತರ ಹುಟ್ಟಿದ ಹೊಸ ಗುತ್ತಿಗೆಗಳು ಬಾಯಿಮಾತಿನಲ್ಲೇ ಉಳಿದವು. ಇದರ ಪೆಟ್ಟು ಬೀಳುವುದು ಬರಗಾಲದಲ್ಲಿ. ವಿಪತ್ತು ಪರಿಹಾರ ನಿಯಮದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ; ಎರಡು ಎಕರೆ ರಾಗಿ ಪೂರ್ತಿ ಒಣಗಿದರೆ ಸುಮಾರು 6,880. ಬೀಜ, ಗೊಬ್ಬರಕ್ಕೆ ಸಾಲ ಮಾಡಿದವರು ಒಬ್ಬರು, ಹಣ ಪಡೆಯುವವರು ಇನ್ನೊಬ್ಬರು. ಪೌತಿ ಖಾತೆಯಾಗದೆ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದ ಜಮೀನಿನ ವಾರಸುದಾರರಿಗೂ, ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಂಗಸರಿಗೂ ಇದೇ ಪಾಡು.

ಗುತ್ತಿಗೆದಾರರ ಹೆಸರು ಬರೆದರೆ ಜಮೀನೇ ಕೈತಪ್ಪೀತು ಎಂಬ ಆತಂಕ ಒಡೆಯರಿಗಿದೆ. ಅದನ್ನು ತಳ್ಳಿಹಾಕುವಂತಿಲ್ಲ, ಅವರಲ್ಲಿ ಬಹಳ ಮಂದಿ ತಾವೇ ಸಣ್ಣ ಹಿಡುವಳಿದಾರರು. ಆದರೆ ಆಂಧ್ರಪ್ರದೇಶದ 2019ರ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆ ಇದಕ್ಕೊಂದು ದಾರಿ ತೋರಿದೆ: 11 ತಿಂಗಳ ಒಪ್ಪಂದ, ಬೆಳೆಯ ಮೇಲೆ ಹಕ್ಕು, ನೆಲದ ಮೇಲಿಲ್ಲ. ಅಲ್ಲಿಯೂ ಒಡೆಯರ ಸಹಿ ಬೇಕಾದ್ದರಿಂದ ಬಹಳ ಮಂದಿ ಹೊರಗುಳಿದರು ಎಂಬುದನ್ನು ನಾವು ಪಾಠವಾಗಿ ತೆಗೆದುಕೊಳ್ಳಬೇಕು. ಸುಳ್ಳು ಗುತ್ತಿಗೆದಾರರು ಹುಟ್ಟಿಕೊಳ್ಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಹೊಲಕ್ಕೇ ಹೋಗಿ ಫೋಟೊ ತೆಗೆಯುವ ಬೆಳೆ ಸಮೀಕ್ಷೆ ನಮ್ಮಲ್ಲಿ ಈಗಾಗಲೇ ಇದೆ. ಅದರಲ್ಲಿ ಉಳುವವರ ಹೆಸರನ್ನೂ ದಾಖಲಿಸಿ, ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿದರೆ ಸುಳ್ಳು ಹೆಚ್ಚು ದಿನ ನಿಲ್ಲದು. ಯಾರ ಹೊಲವನ್ನು ಯಾರು ಉಳುತ್ತಾರೆಂಬುದು ಊರಿಗೆಲ್ಲ ಗೊತ್ತು.

ಒಡೆತನಕ್ಕೆ ಕೊಡುವ ಹಣ ಬೇರೆ, ಬೆಳೆ ನಷ್ಟಕ್ಕೆ ಕೊಡುವ ಹಣ ಬೇರೆ. ಎರಡನೆಯದು ನಷ್ಟ ಅನುಭವಿಸಿದವರಿಗೇ ಸೇರಬೇಕು. ಓದುಗರು ಇಂದೇ ಮಾಡಬಹುದಾದ ಕೆಲಸವೂ ಉಂಟು: ನಿಮ್ಮ ಮನೆಯ ಪಹಣಿ ತೆಗೆಸಿ ನೋಡಿ, ಪೌತಿ ಖಾತೆ ಬಾಕಿಯಿದ್ದರೆ ಅರ್ಜಿ ಹಾಕಿ, ಬೆಳೆ ಕಾಲಂನಲ್ಲಿ ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಿ. ಮುಂದಿನ ಗ್ರಾಮಸಭೆಯಲ್ಲಿ ಗುತ್ತಿಗೆಗೆ ಉಳುವವರ ಹೆಸರೂ ದಾಖಲಾಗಲಿ ಎಂದು ಕೇಳಿ.