ಕಪ್ಪು ಹೊಗೆ ಕಾಣದಿದ್ದರೆ ಸಾಕೆ?

ಮಧ್ಯ ಕರ್ನಾಟಕ ಯಾವ ಇಂಧನದ ಮೇಲೆ ಓಡುತ್ತಿದೆ ಎಂದು ತಿಳಿಯಬೇಕಾದರೆ ಸೋಮವಾರ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಗೆ ಹೋಗಬೇಕು. ಜಮೀನಿನ ತಕರಾರು, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ವ್ಯಾಜ್ಯ ಹೊತ್ತು ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಸುತ್ತಲಿನ ತಾಲ್ಲೂಕುಗಳಿಂದ ಜನ ಬರುವ ದಿನ ಅದು. ನಿಂತ ವಾಹನಗಳಲ್ಲಿ ಬೊಲೆರೊ, ಇನ್ನೋವಾ, ಹಳೆಯ ಸ್ವಿಫ್ಟ್ ಡಿಸೈರ್‌ಗಳಿಗೆ ಕೊರತೆಯಿಲ್ಲ. ಡೀಸೆಲ್ ಗಾಡಿ ಈ ಸೀಮೆಯ ಸಂಸಾರದ ಒಂದು ಭಾಗವಾಗಿ ಹೋಗಿದೆ.

ಅದಕ್ಕೆ ಕಾರಣವೂ ಇದೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಹಿರಿಯೂರಿನವರಿಗೆ ರೈಲು ನಿಲ್ದಾಣವೇ ಇಲ್ಲ. ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರಗಳ ಮೇಲೆ ಹಾಯಬೇಕಾದ ತುಮಕೂರು–ದಾವಣಗೆರೆ ನೇರ ಮಾರ್ಗ ಮಂಜೂರಾಗಿ ದಶಕ ದಾಟಿದರೂ ಕೆಲಸ ಮುಗಿದಿಲ್ಲ. ಹೀಗಾಗಿ ಆಸ್ಪತ್ರೆಗೂ ಮದುವೆಗೂ ಹೆದ್ದಾರಿಯೇ ಗತಿ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ, ಡೀಸೆಲ್ 41 ರೂಪಾಯಿ ಆಸುಪಾಸಿನಲ್ಲಿತ್ತು. ದೂರ ಓಡುವವನು ಯಾವುದನ್ನು ಆರಿಸಿಕೊಂಡಾನು? ಆ ವರ್ಷಗಳಲ್ಲಿ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಡೀಸೆಲ್ ಕಾರುಗಳೇ. ಅದೇ 2012ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಶೋರೂಮುಗಳಲ್ಲಿ ಆ ಸುದ್ದಿ ಕೇಳಿಸಲೇ ಇಲ್ಲ.

ಸಿರಿಗೆರೆಯ ಗಾಳಿಗೆ ಸದ್ಯ ಭಯವಿಲ್ಲ. ಆದರೆ ಇಲ್ಲಿಂದ ಹೊರಟ ಗಾಡಿ ಹೋಗಿ ನಿಲ್ಲುವುದು ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ದಾವಣಗೆರೆ ಈಗ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿದೆ. 2019ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ನಾಲ್ಕೇ ಊರುಗಳು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ, ದಾವಣಗೆರೆ. ಗಾಳಿಯ ಗುಣಮಟ್ಟ ವರ್ಷಗಟ್ಟಲೆ ಮಿತಿ ಮೀರಿದ ಊರುಗಳಿವು. ರಸ್ತೆ ಧೂಳು, ಕಟ್ಟಡ ಕೆಲಸ, ಕಸ ಸುಡುವುದು ಎಲ್ಲವೂ ಇದಕ್ಕೆ ಕಾರಣ, ಡೀಸೆಲ್ ಕಾರೊಂದನ್ನೇ ಕಟಕಟೆಗೆ ತರುವುದು ನ್ಯಾಯವಲ್ಲ. ಆದರೂ ಟೆರಿ ಸಂಸ್ಥೆ 2010ರಲ್ಲಿ ಬೆಂಗಳೂರಿನ ಬಗ್ಗೆ ಕೊಟ್ಟ ಲೆಕ್ಕದಲ್ಲಿ ತೇಲುವ ಕಣಗಳಿಗೆ ಸಾರಿಗೆಯ ಪಾಲು ಶೇ 42 ಇತ್ತು, ರಸ್ತೆ ಧೂಳಿನದು ಶೇ 20.

ಡೀಸೆಲ್ ಎಂಜಿನ್‌ನಿಂದ ಎರಡು ಬಗೆಯ ಕೇಡು ಹೊರಬರುತ್ತದೆ. ಒಂದು ಮಸಿ. ಇನ್ನೊಂದು ನೈಟ್ರೋಜನ್ ಆಕ್ಸೈಡ್‌ಗಳು. ಮಸಿ ದಟ್ಟವಾದರೆ ಕಣ್ಣಿಗೆ ಬೀಳುತ್ತದೆ. ನೈಟ್ರೋಜನ್ ಆಕ್ಸೈಡ್ ಹೊಗೆನಳಿಗೆಯ ಬಾಯಲ್ಲಿ ಕಾಣುವುದೇ ಇಲ್ಲ. ಅದು ಗಾಳಿಯಲ್ಲಿ ಬೆರೆತು ಬಿಸಿಲಿನಲ್ಲಿ ಓಜೋನ್ ಹುಟ್ಟಿಸುತ್ತದೆ, ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳಾಗುತ್ತದೆ. ‘ನಮ್ಮ ಗಾಡಿ ಹೊಗೆಯೇ ಬಿಡಲ್ಲ’ ಎಂದು ಹೇಳುವವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರು ನೋಡಿದ್ದು ಒಂದನ್ನು ಮಾತ್ರ.

ಕಾಣದ ಈ ಹೊಗೆಯನ್ನು ಹಿಡಿದು ಜಗತ್ತಿಗೆ ತೋರಿಸಿದವರಲ್ಲಿ ಬೆಂಗಳೂರಿನ ಹುಡುಗನೊಬ್ಬನಿದ್ದ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡ್ಯಾನ್ ಕಾರ್ಡರ್ ಅವರ ಸಣ್ಣ ತಂಡ. ಅದರಲ್ಲಿ ಚೆನ್ನೈ ಮೂಲದ ಅರವಿಂದ್ ತಿರುವೆಂಗಡಂ, ಸ್ವಿಟ್ಜರ್ಲೆಂಡಿನ ಮಾರ್ಕ್ ಬೆಷ್, ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ. ಸುಮಾರು 70 ಸಾವಿರ ಡಾಲರ್ ಅನುದಾನದಲ್ಲಿ 2013ರಲ್ಲಿ ಅವರು ಮೂರು ಡೀಸೆಲ್ ಕಾರುಗಳನ್ನು ಪರೀಕ್ಷಿಸಿದರು. ಹೊಗೆ ಅಳೆಯುವ ಉಪಕರಣವನ್ನು ಪ್ರಯೋಗಾಲಯದಲ್ಲಿ ಬಿಡದೆ ಕಾರಿನ ಡಿಕ್ಕಿಯೊಳಗೇ ಕೂರಿಸಿ, ಅದಕ್ಕೆ ಕರೆಂಟು ಕೊಡಲು ಜನರೇಟರನ್ನೂ ಹೊತ್ತು, ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು. ಒಂದು ಕಾರು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ಗೆ ಹೋಗಿ ಬಂತು. ಬಿಎಂಡಬ್ಲ್ಯು ಕಾರು ಹೆಚ್ಚುಕಡಿಮೆ ಮಿತಿಯೊಳಗೇ ಇತ್ತು. ಫೋಕ್ಸ್‌ವ್ಯಾಗನ್ ಜೆಟ್ಟಾ ಕಾನೂನಿನ ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು. ಇವೆರಡೂ ಪ್ರಯೋಗಾಲಯದಲ್ಲಿ ಪಾಸಾದ ಕಾರುಗಳೇ.

ತಂಡ ಯಾರ ಮೇಲೂ ಆರೋಪ ಹೊರಿಸಲಿಲ್ಲ, ಅಂಕಿಗಳನ್ನು 2014ರಲ್ಲಿ ಪ್ರಕಟಿಸಿತು, ಅಷ್ಟೇ. 2015ರ ಸೆಪ್ಟೆಂಬರ್‌ನಲ್ಲಿ ಸತ್ಯ ಹೊರಬಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಕಂಡುಕೊಂಡರೆ ಮಾತ್ರ ಹೊಗೆ ನಿಯಂತ್ರಣ ಪೂರ್ತಿ ಕೆಲಸ ಮಾಡುವಂತೆ ಕಾರಿನ ತಂತ್ರಾಂಶವನ್ನೇ ತಿದ್ದಲಾಗಿತ್ತು. ಜಗತ್ತಿನಾದ್ಯಂತ 1.1 ಕೋಟಿ ಕಾರುಗಳಲ್ಲಿ ಅದು ಇತ್ತು. ಭಾರತದಲ್ಲೂ ಸುಮಾರು 3.23 ಲಕ್ಷ ಕಾರುಗಳನ್ನು ವಾಪಸ್ ಕರೆಸುವುದಾಗಿ ಕಂಪನಿ ಘೋಷಿಸಬೇಕಾಯಿತು. ಕಾರನ್ನು ಅದು ಓಡುವ ಜಾಗದಲ್ಲೇ ಅಳೆಯಬೇಕು ಎಂಬ ಸರಳ ಹಟ ಎಷ್ಟು ದೊಡ್ಡ ಸುಳ್ಳನ್ನು ಬೀಳಿಸಿತು ನೋಡಿ.

ನಮ್ಮ ದೇಶ ಆಮೇಲೆ ನಿಜಕ್ಕೂ ದೊಡ್ಡ ಹೆಜ್ಜೆ ಇಟ್ಟಿತು. ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ (ಬಿಎಸ್) ನಿಯಮಗಳಲ್ಲಿ ಬಿಎಸ್-5 ಅನ್ನು ಬಿಟ್ಟು 2020ರ ಏಪ್ರಿಲ್ 1ರಂದು ನೇರ ಬಿಎಸ್-6ಕ್ಕೆ ಹಾರಿತು. ಡೀಸೆಲ್‌ನಲ್ಲಿರುವ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು, ಹಳ್ಳಿಯ ಬಂಕಿನಲ್ಲೂ. ಡೀಸೆಲ್ ಕಾರಿನ ಕಣಗಳ ಮಿತಿ ಕಿ.ಮೀ.ಗೆ 25 ಮಿಲಿಗ್ರಾಂನಿಂದ 4.5ಕ್ಕೆ, ನೈಟ್ರೋಜನ್ ಆಕ್ಸೈಡ್ ಮಿತಿ 250ರಿಂದ 80ಕ್ಕೆ ಬಂತು. 2023ರಿಂದ ಹೊಸ ಮಾದರಿಗಳನ್ನು ರಸ್ತೆಯ ಮೇಲೂ ಪರೀಕ್ಷಿಸುವುದು ಕಡ್ಡಾಯ.

ತೊಂದರೆ ಶುರುವಾಗುವುದು ಕಾರು ಮನೆಗೆ ಬಂದ ಮೇಲೆ. ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಜಾಲರಿಗೆ ಆಗಾಗ ಹತ್ತಿಪ್ಪತ್ತು ನಿಮಿಷ ಒಂದೇ ವೇಗದ ಓಟ ಬೇಕು. ಆಗ ಅದು ಕಾದು, ಹಿಡಿದ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಕಾರಿಗೆ ಇದು ಸಲೀಸು. ಅದೇ ಕಾರು ದಾವಣಗೆರೆಯ ಪೇಟೆಯಲ್ಲಿ, ಬೆಂಗಳೂರಿನ ಸಿಗ್ನಲ್‌ಗಳಲ್ಲಿ ದಿನಕ್ಕೆ ಮೂರು ನಾಲ್ಕು ಕಿ.ಮೀ. ತೆವಳಿದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಹಳದಿ ದೀಪ ಹತ್ತಿ, ಗಾಡಿಯ ಶಕ್ತಿ ಕುಂದಿ, ರಿಪೇರಿ ಖರ್ಚು ಕೇಳಿದ ಮಾಲೀಕ ‘ಅದನ್ನ ತೆಗೆಸಿಬಿಡಿ’ ಎಂಬ ಸಲಹೆಗೆ ತಲೆಬಾಗುತ್ತಾನೆ. ತೆಗೆಸಿದ ಕ್ಷಣಕ್ಕೆ ಬಿಎಸ್-6 ಕಾರು ಹಳೆಯ ಕಾರಾಗುತ್ತದೆ. ಊರೊಳಗಿನ ಓಡಾಟಕ್ಕೆ ಡೀಸೆಲ್ ಕಾರು ಕೊಳ್ಳಲೇಬಾರದು ಎಂದು ನಾನು ಹೇಳುವುದು ಇದಕ್ಕೇ.

ನಮ್ಮ ರೈತರಿಗೆ ಒಂದು ಮಾತು. ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ದೊಡ್ಡ ಡೀಸೆಲ್ ಗಾಡಿಗಳಿಗೆ ಹಾಕುವ ಆಡ್‌ಬ್ಲೂ ಎಂದರೆ ಶೇ 32.5ರಷ್ಟು ಅತಿ ಶುದ್ಧ ಯೂರಿಯಾ ಇರುವ ನೀರು. ಸೊಸೈಟಿಯಿಂದ ತಂದ ಮೂಟೆಯ ಯೂರಿಯಾ ಕದಡಿ ಹಾಕಬೇಡಿ. ಅದಕ್ಕೆ ಬೇವಿನೆಣ್ಣೆಯ ಲೇಪನವಿದೆ, ಲಕ್ಷ ಬೆಲೆಯ ವ್ಯವಸ್ಥೆ ಕೆಡುತ್ತದೆ.

ಇಷ್ಟನ್ನೆಲ್ಲ ಹಿಡಿಯಬೇಕಾದ ನಮ್ಮ ಎಮಿಷನ್ ಟೆಸ್ಟ್ ಏನು ಮಾಡುತ್ತಿದೆ? ನಿಂತ ಗಾಡಿಯ ಆಕ್ಸಿಲರೇಟರ್ ಒತ್ತಿ, ಸೈಲೆನ್ಸರ್‌ಗೆ ಕೊಳವೆ ಇಟ್ಟು, ಹೊಗೆ ಎಷ್ಟು ದಟ್ಟ ಎಂದು ನೋಡುತ್ತದೆ. ಡೀಸೆಲ್ ಗಾಡಿಯ ನೈಟ್ರೋಜನ್ ಆಕ್ಸೈಡ್ ಲೆಕ್ಕಕ್ಕೇ ಇಲ್ಲ. ಜಾಲರಿ ತೆಗೆಸಿದ ಕಾರೂ ಸರ್ಟಿಫಿಕೇಟ್ ಪಡೆದು ಹೋಗಬಹುದು.

ಪ್ರಯಾಣವನ್ನೇ ಡೀಸೆಲ್‌ನಿಂದ ಬಿಡಿಸುವ ದಾರಿಯೂ ಇದೆ. ಕೆಎಸ್‌ಆರ್‌ಟಿಸಿ 2023ರಲ್ಲಿ ತಂದ ‘ಇವಿ ಪವರ್ ಪ್ಲಸ್’ ವಿದ್ಯುತ್ ಬಸ್ಸಿನ ಮಾರ್ಗಗಳಲ್ಲಿ ಬೆಂಗಳೂರು–ದಾವಣಗೆರೆಯೂ ಒಂದು. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳ ಗಾಳಿಯಂತ್ರಗಳು ಹೆದ್ದಾರಿಯಿಂದಲೇ ಕಾಣುತ್ತವೆ. ಇಲ್ಲಿ ವಿದ್ಯುತ್ ಹುಟ್ಟುತ್ತದೆ, ಇಲ್ಲಿಯ ಜನ ಅದರ ಮೇಲೆ ಪ್ರಯಾಣಿಸಲಿ. ಇಂಥ ಬಸ್ಸುಗಳು ಹೆಚ್ಚಬೇಕು, ಜಿಲ್ಲಾ ಕೇಂದ್ರದಿಂದ ತಾಲ್ಲೂಕುಗಳಿಗೂ ಓಡಬೇಕು.

ಆದರೆ ಈಗಾಗಲೇ ರಸ್ತೆಯಲ್ಲಿರುವ ಕಾರುಗಳು ಇನ್ನೂ ಹತ್ತು ವರ್ಷ ಓಡುತ್ತವೆ. ಅವನ್ನು ಅಳೆಯುವ ಉಪಾಯ ಭಾರತದಲ್ಲೇ ಪ್ರಯೋಗವಾಗಿದೆ. ಫೋಕ್ಸ್‌ವ್ಯಾಗನ್ ಅಧ್ಯಯನಕ್ಕೆ ಹಣ ಕೊಟ್ಟಿದ್ದ ಐಸಿಸಿಟಿ ಸಂಸ್ಥೆಯೇ ದೆಹಲಿ, ಗುರುಗ್ರಾಮಗಳ ರಸ್ತೆ ಬದಿಯಲ್ಲಿ ಬೆಳಕಿನ ಕಿರಣ ಹಾಯಿಸಿ, ಓಡುವ ಗಾಡಿಯ ಹೊಗೆಯನ್ನು ಅಳೆಯಿತು. 1 ಲಕ್ಷಕ್ಕೂ ಹೆಚ್ಚು ವಾಹನಗಳ ಲೆಕ್ಕ 2024ರಲ್ಲಿ ಪ್ರಕಟವಾಯಿತು. ಬಿಎಸ್-6 ಖಾಸಗಿ ಕಾರುಗಳು ಹಿಂದಿನವಕ್ಕಿಂತ ಬಹಳ ಕಡಿಮೆ ನೈಟ್ರೋಜನ್ ಆಕ್ಸೈಡ್ ಬಿಡುತ್ತಿದ್ದವು. ಶುದ್ಧ ಎಂದು ನಾವು ನಂಬಿದ ಸಿಎನ್‌ಜಿ ಟ್ಯಾಕ್ಸಿಗಳು ಮಿತಿಯನ್ನು ಎಷ್ಟೋ ಪಟ್ಟು ಮೀರಿದ್ದವು. ಅಳೆಯದೆ ಇದ್ದಿದ್ದರೆ ಎರಡೂ ತಿಳಿಯುತ್ತಿರಲಿಲ್ಲ.

ಈ ಉಪಕರಣಕ್ಕೆ ಬೇಕಾದ್ದು ಗಾಡಿಗಳು ಒಂದರ ಹಿಂದೊಂದು ಬರುವ, ನಿಧಾನದಿಂದ ವೇಗ ಏರಿಸುವ ಜಾಗ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು–ಚಿತ್ರದುರ್ಗದ ನಡುವೆ ಗುಯಿಲಾಳು ಟೋಲ್ ಇದೆ, ಚಿತ್ರದುರ್ಗ–ದಾವಣಗೆರೆ ನಡುವೆ ಹೆಬ್ಬಾಳು ಟೋಲ್ ಇದೆ. ಗೇಟು ದಾಟಿದ ಪ್ರತಿ ಗಾಡಿಯೂ ಅಲ್ಲಿ ಗೇರ್ ಬದಲಿಸಿ ವೇಗ ಹಿಡಿಯುತ್ತದೆ, ನಂಬರ್ ಪ್ಲೇಟ್ ಓದಲು ಕ್ಯಾಮೆರಾ ಇಡುವುದು ಕಷ್ಟವಲ್ಲ. ಸಾರಿಗೆ ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಮೊದಲ ಯಂತ್ರವನ್ನು ದಾವಣಗೆರೆಯ ಬಾಗಿಲಾದ ಹೆಬ್ಬಾಳಿನಲ್ಲಿ ನಿಲ್ಲಿಸಲಿ, ಸಿಕ್ಕ ಅಂಕಿಗಳನ್ನು ಜನರ ಮುಂದೆ ಇಡಲಿ.